ದೇವರ ಮಕ್ಕಳ ಯುದ್ಧ: ನಮ್ಮ ಸೀಮೆಯಲ್ಲೇ ನಡೆಯುವ ಕಥೆ ಬರೆಯುವುದು ಹೇಗೆ?

ಬೇಸಿಗೆ ರಜೆ ಬಂತೆಂದರೆ ಬಾಗಲಕೋಟೆಯ ನಮ್ಮ ಮನೆಗೆ ನೋಟ್‌ಬುಕ್ಕುಗಳು ಬರಲು ಶುರುವಾಗುತ್ತವೆ. ತರುವವರು ಕಥೆ ಬರೆಯುವ ಹುಡುಗ ಹುಡುಗಿಯರು. ಕೇಳುವುದು ಹೆಚ್ಚಾಗಿ ಒಂದೇ ಮಾತು: "ಸರ್, ದೇವರ ಮಕ್ಕಳ ಎರಡು ಗುಂಪು ಕಾದಾಡೋ ಕಥಿ ಶುರು ಮಾಡೀನ್ರಿ. ಮೂರನೇ ಪುಟಕ್ಕ ನಿಂತಬಿಟ್ಟೈತಿ. ಮುಂದ ಹೆಂಗ್ರಿ?" ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳುವ ಬದಲು ಎಲ್ಲರಿಗೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೂರನೇ ಪುಟಕ್ಕೇ ಯಾಕೆ ನಿಲ್ಲುತ್ತದೆ? ಮೊದಲ ಪುಟದಲ್ಲಿ ನೀವು ಎಲ್ಲರಿಗೂ ಶಕ್ತಿ ಹಂಚಿರುತ್ತೀರಿ. ಎರಡನೇ ಪುಟದಲ್ಲಿ ಎಲ್ಲರೂ ಅದನ್ನು ಬಳಸಿ ಮುಗಿಸಿರುತ್ತಾರೆ. ಸಿಡಿಲು ಬಡಿದಾಯ್ತು, ಬೆಂಕಿ ಹತ್ತಿದ್ದಾಯ್ತು, ನೆಲ ಬಾಯಿ ಬಿಟ್ಟಿದ್ದಾಯ್ತು. ಇನ್ನೇನು ಉಳಿಯಿತು? ದೇವರ ಮಗ ಅಂದರೆ ಅರ್ಧ ದೇವರು, ಅರ್ಧ ಮನುಷ್ಯ. ನೀವು ದೇವರ ಪಾಲನ್ನು ಮಾತ್ರ ಬರೆದಿದ್ದೀರಿ. ಕಥೆ ಕೂತಿರುವುದು ಮನುಷ್ಯರ ಪಾಲಿನಲ್ಲಿ. ಕೆಳಗಿನ ಹೆಜ್ಜೆಗಳೆಲ್ಲ ಆ ಪಾಲನ್ನು ಹುಡುಕುವ ದಾರಿಗಳೇ.

ಬೇಕಾಗುವುದು ಜಾಸ್ತಿ ಏನಿಲ್ಲ. ಒಂದು ದಪ್ಪ ನೋಟ್‌ಬುಕ್, ಪೆನ್ಸಿಲ್, ನಿಮ್ಮ ಜಿಲ್ಲೆಯ ನಕ್ಷೆ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಇನ್ನೂ ಒಳ್ಳೆಯದು. ಅವರು ನೋಡಿದ ದೊಡ್ಡಾಟ, ಪಾರಿಜಾತದಂಥ ಜಾನಪದ ಆಟಗಳ ನೆನಪುಗಳನ್ನು ಕೇಳಿ ಬರೆದುಕೊಳ್ಳಿ.

1. ಯಾರು ಯಾರ ಮಕ್ಕಳು ಅಂತ ಮೊದಲು ಗೆರೆ ಎಳೆಯಿರಿ

ಮಹಾಭಾರತವನ್ನೇ ಮಾದರಿಗೆ ಇಟ್ಟುಕೊಳ್ಳಿ. ಧರ್ಮರಾಯ ಯಮಧರ್ಮನ ಮಗ, ಭೀಮ ವಾಯುವಿನ ಮಗ, ಅರ್ಜುನ ಇಂದ್ರನ ಮಗ. ನಕುಲ ಸಹದೇವರು ಅಶ್ವಿನಿ ದೇವತೆಗಳ ಮಕ್ಕಳು. ಎದುರು ಪಾಳೆಯದಲ್ಲಿ ಸೂರ್ಯನ ಮಗ ಕರ್ಣ. ಇವರನ್ನು ಒಂದು ಹಾಳೆಯಲ್ಲಿ ಬರೆದು ತಂದೆಯಿಂದ ಒಂದು ಗೆರೆ, ತಾಯಿಯಿಂದ ಒಂದು ಗೆರೆ ಎಳೆದು ನೋಡಿ. ಧರ್ಮರಾಯ, ಭೀಮ, ಅರ್ಜುನ, ಕರ್ಣ ನಾಲ್ವರ ಗೆರೆಯೂ ಹೋಗಿ ಕುಂತಿಯಲ್ಲೇ ಸೇರುತ್ತದೆ. ಪಾಳೆಯ ಎರಡು, ತಾಯಿ ಒಬ್ಬಳೇ. ಆ ಯುದ್ಧ ಇವತ್ತಿಗೂ ನಮ್ಮ ಎದೆ ಹಿಂಡುವುದು ಈ ಗೆರೆಗಳಿಂದಲೇ.

ಇನ್ನೊಂದು ವಿಷಯ ಗಮನಿಸಿ. ರಾಮಾಯಣದಲ್ಲಿ ವಾಲಿ ಇಂದ್ರನ ಮಗ, ಸುಗ್ರೀವ ಸೂರ್ಯನ ಮಗ. ಅಲ್ಲಿ ರಾಮ ಸೂರ್ಯನ ಮಗನ ಕಡೆ ನಿಂತ, ಇಂದ್ರನ ಮಗ ಸತ್ತ. ಮಹಾಭಾರತದಲ್ಲಿ ಕೃಷ್ಣ ಇಂದ್ರನ ಮಗನ ಕಡೆ ನಿಂತ, ಸೂರ್ಯನ ಮಗ ಸತ್ತ. ಮಳೆ ಮತ್ತು ಬಿಸಿಲಿನ ಮಕ್ಕಳು ಎರಡು ಸಲ ಎದುರಾದರು, ಒಂದೊಂದು ಸಲ ಒಬ್ಬೊಬ್ಬರು ಸೋತರು. ನನಗೆ ಇದು ತುಂಬಾ ಇಷ್ಟದ ವಿಷಯ. ಮೂರನೇ ಸಲ ಅವರು ಎದುರಾಗುವುದು ನಮ್ಮ ಸೀಮೆಯಲ್ಲಿ ಅಂತ ಇಟ್ಟುಕೊಂಡರೆ? ಮಳೆಗೂ ಬಿಸಿಲಿಗೂ ನಮ್ಮಷ್ಟು ಲೆಕ್ಕ ಹಾಕುವ ಜನ ಇನ್ನೆಲ್ಲಿ ಸಿಗುತ್ತಾರೆ? ಈ ಲೇಖನದ ಉದಾಹರಣೆಗೆ ಇದನ್ನೇ ಹಿಡಿಯೋಣ: ಒಂದು ಕಡೆ ಮಳೆಯವರು, ಇನ್ನೊಂದು ಕಡೆ ಬಿಸಿಲಿನವರು.

ಇಲ್ಲಿ ಎರಡು ತಪ್ಪು ಪದೇ ಪದೇ ಕಾಣುತ್ತೇನೆ. ಮೊದಲನೆಯದು, ಹತ್ತು ದೇವರು, ನಲವತ್ತು ಮಕ್ಕಳು. ಓದುವವರಿಗೆ ಹೆಸರು ನೆನಪಿಡುವುದೇ ಕೆಲಸವಾಗುತ್ತದೆ. ಒಂದು ಬಣಕ್ಕೆ ಐದು ಜನ ಸಾಕು.

ಎರಡನೆಯದು ಇದಕ್ಕಿಂತ ಗಂಭೀರ. ಜನ ಇವತ್ತಿಗೂ ನಡೆದುಕೊಳ್ಳುವ ದೇವರನ್ನು ಖಳನಾಯಕ ಮಾಡಬೇಡಿ. ಸವದತ್ತಿಯ ಗುಡ್ಡಕ್ಕೆ ಭಾರತ ಹುಣ್ಣಿಮೆಯಲ್ಲಿ ಚಕ್ಕಡಿ ಕಟ್ಟಿಕೊಂಡು ಹೋಗುವವರಿಗೆ ಎಲ್ಲಮ್ಮ ತಾಯಿ. ಅವಳನ್ನು ನಿಮ್ಮ ಬಣದ ಸೇನಾಪತಿ ಮಾಡಿದರೆ ಓದುವವರಿಗೆ ನೋವಾಗುತ್ತದೆ, ಆ ನೋವು ನ್ಯಾಯವಾದದ್ದು. ಮಕ್ಕಳನ್ನು ನೀವು ಹುಟ್ಟಿಸಿ, ದೇವರುಗಳು ದೂರದಲ್ಲೇ ಇರಲಿ.

2. ಜಗಳದ ಕಾರಣ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಿರಲಿ

"ಲೋಕವನ್ನು ಆಳುವುದಕ್ಕಾಗಿ ಯುದ್ಧ" ಅಂತ ಬರೆಯಬೇಡಿ. ಲೋಕ ಯಾರ ಕೈಗೂ ಸಿಗುವುದಿಲ್ಲ, ಓದುವವರ ಮನಸ್ಸಿಗೂ ಸಿಗುವುದಿಲ್ಲ.

ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದಲ್ಲಿ ಏನಾಗುತ್ತದೆ ನೋಡಿ. ನಾರದ ಒಂದು ಹೂವು ತಂದುಕೊಡುತ್ತಾನೆ. ಅದು ರುಕ್ಮಿಣಿಯ ಮುಡಿಗೆ ಹೋಗುತ್ತದೆ. ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಒಂದು ಹೂವಿನಿಂದ ಶುರುವಾದ ಜಗಳ ಇಂದ್ರಲೋಕದವರೆಗೂ ಮುಟ್ಟುತ್ತದೆ. ಪರಶುರಾಮನ ಕಥೆಯಲ್ಲೂ ಹಾಗೇ. ಕಾರ್ತವೀರ್ಯಾರ್ಜುನ ಜಮದಗ್ನಿಯ ಆಶ್ರಮದಿಂದ ಒಂದು ಆಕಳನ್ನು ಎಳೆದೊಯ್ದ. ಅಲ್ಲಿಂದ ಹೊತ್ತಿದ ಸೇಡು ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಕೊಲ್ಲುವವರೆಗೂ ಆರಲಿಲ್ಲ.

ನಮ್ಮ ಉದಾಹರಣೆಗೆ ಬರೋಣ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ದ್ರಾಕ್ಷಿ ತೋಟ. ಬೇಸಿಗೆಯ ಶುರುವಿನಲ್ಲಿ ಹಣ್ಣು ಕೊಯ್ದು, ಶೆಡ್ಡಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರವಿದ್ದಾರೆ. ಇನ್ನು ನಾಲ್ಕೈದು ದಿನದಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ ಆಗಬೇಕು. ಆಗ ಒಂದು ರಾತ್ರಿ ಅಕಾಲದ ಮಳೆ ಹೊಡೆಯುತ್ತದೆ. ಗಾಳಿಗೆ ಎರಚಲು ಒಳಗೆ ನುಗ್ಗುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಬಂಗಾರದ ಬಣ್ಣಕ್ಕೆ ತಿರುಗಿದ್ದ ಹಣ್ಣು ಕಪ್ಪಾಗಿದೆ, ಕೈಗೆ ಅಂಟುತ್ತಿದೆ, ಹುಳಿ ವಾಸನೆ ಬರುತ್ತಿದೆ. ಈ ತೋಟದ ಹುಡುಗ ಬಿಸಿಲಿನ ಮಗ. ಮಳೆ ಕರೆದವಳು ಪಕ್ಕದ ಊರಿನ ಹುಡುಗಿ, ಮಳೆಯ ಮಗಳು. ಅವಳೂ ಸುಮ್ನೆ ಕರೆದಿಲ್ಲ. ಅವಳ ಊರಿನ ಬಾವಿ ಬತ್ತಿ ಎರಡು ತಿಂಗಳಾಗಿದೆ.

ಈಗ ಹೇಳಿ, ಯಾರದು ತಪ್ಪು? ಉತ್ತರ ಹೇಳಲು ನಿಮಗೆ ಕಷ್ಟವಾದರೆ ಕಾರಣ ಸರಿಯಾಗಿದೆ ಅಂತ ಅರ್ಥ. ತಕ್ಷಣ ಒಬ್ಬರ ಕಡೆ ಬೆರಳು ತೋರಿಸಲು ಆದರೆ ಇನ್ನೊಮ್ಮೆ ಯೋಚಿಸಿ.

3. ತಾಯಿಯನ್ನು ಮೊದಲು ಬರೆಯಿರಿ, ಮಗನನ್ನು ಆಮೇಲೆ

ನಿಮ್ಮ ಬಣಗಳ ಹತ್ತು ಜನರಿಗೂ ಒಂದೊಂದು ಪುಟ ಬಿಡಿ. ಅದರಲ್ಲಿ ದೇವರಲ್ಲದ ತಂದೆಯ ಅಥವಾ ತಾಯಿಯ ಬಗ್ಗೆ ಬರೆಯಿರಿ. ಏನು ಕೆಲಸ ಮಾಡುತ್ತಾಳೆ? ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾಳೆ? ಮಗನ ಹುಟ್ಟಿನ ಬಗ್ಗೆ ಊರವರಿಗೆ ಏನು ಹೇಳಿದ್ದಾಳೆ? ಮಗನಿಗೆ ಏನು ಹೇಳಿಲ್ಲ?

ಕಡೆಯ ಪ್ರಶ್ನೆ ತುಂಬಾ ಮುಖ್ಯ. ಕುಂತಿ ಹೇಳದೆ ಉಳಿಸಿದ ಒಂದು ಮಾತಿನ ಮೇಲೆ ಇಡೀ ಭಾರತ ನಿಂತಿದೆ. ಯುದ್ಧಕ್ಕೆ ಮೊದಲು ಅವಳು ಕರ್ಣನ ಹತ್ತಿರ ಹೋಗುತ್ತಾಳೆ. ಅರ್ಜುನನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಕೊಲ್ಲುವುದಿಲ್ಲ, ಹೇಗೂ ನಿನಗೆ ಐದು ಮಕ್ಕಳು ಉಳಿಯುತ್ತಾರೆ ಅಂತ ಕರ್ಣ ಮಾತು ಕೊಡುತ್ತಾನೆ. ಆ ಜಾಗದಲ್ಲಿ ಒಂದು ಬಾಣವೂ ಹಾರುವುದಿಲ್ಲ. ಆದರೂ ಯುದ್ಧ ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗುತ್ತದೆ. ಇಂಥ ಒಂದು ಭೇಟಿಯನ್ನು ನಿಮ್ಮ ಕಥೆಯಲ್ಲೂ ಇಡಿ. ಕಾಳಗಕ್ಕೆ ಮುಂಚೆ, ಇಬ್ಬರೇ, ಆಯುಧ ಇಲ್ಲದೆ.

ಹುಡುಗಿಯರು ಕೇಳುತ್ತಾರೆ, "ದೇವರ ಮಗಳು ಇರಬಾರದಾ?" ಖಂಡಿತ ಇರಬೇಕು. ಹಳೆಯ ಕಥೆಗಳಲ್ಲಿ ದೇವರ ಗಂಡು ಮಕ್ಕಳೇ ಜಾಸ್ತಿ, ನಿಜ. ನಿಮ್ಮ ಕಥೆ ಹಾಗಿರಬೇಕಿಲ್ಲ.

4. ಶಕ್ತಿಗೆ ಲೆಕ್ಕ ಇಡಿ

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ಶಕ್ತಿ ಏನು, ಎಷ್ಟು ಸಲ ಬಳಸಬಹುದು, ಅದಕ್ಕೆ ಏನು ಕಳೆದುಕೊಳ್ಳಬೇಕು, ಯಾವಾಗ ಕೈಕೊಡುತ್ತದೆ. ನಾಲ್ಕೂ ತುಂಬದೆ ಯಾರಿಗೂ ಶಕ್ತಿ ಕೊಡಬೇಡಿ.

ಕರ್ಣನ ಲೆಕ್ಕ ನೋಡಿ. ಹುಟ್ಟಿನಿಂದ ಬಂದ ಕವಚ ಕುಂಡಲ ಇತ್ತು. ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಅದನ್ನು ಬೇಡಿ ತೆಗೆದುಕೊಂಡ. ತನ್ನ ಮಗನಿಗಾಗಿ ಒಬ್ಬ ತಂದೆ ಮಾಡಿದ ಮೋಸ ಅದು. ಬದಲಿಗೆ ಕರ್ಣನಿಗೆ ಸಿಕ್ಕಿದ್ದು ಒಂದೇ ಸಲ ಬಳಸಬಹುದಾದ ಶಕ್ತ್ಯಾಯುಧ. ಅರ್ಜುನನಿಗಾಗಿ ಅದನ್ನು ಎತ್ತಿಟ್ಟಿದ್ದ. ಹದಿನಾಲ್ಕನೇ ದಿನದ ರಾತ್ರಿ ಘಟೋತ್ಕಚ ಕೌರವ ಸೇನೆಯನ್ನು ತುಳಿಯತೊಡಗಿದಾಗ ಅವನ ಮೇಲೆ ಬಿಡಬೇಕಾಯಿತು. ಮೂರು ದಿನ ಬಿಟ್ಟು, ಹದಿನೇಳನೇ ದಿನ, ಅರ್ಜುನ ಎದುರು ನಿಂತಾಗ ಕೈ ಖಾಲಿ. ಆಯುಧ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಯಾವಾಗ ಖರ್ಚಾಯಿತು ಅನ್ನುವುದೇ ಕಥೆ.

ನಮ್ಮ ಬಾದಾಮಿಯ (ಹಳೆಯ ಹೆಸರು ವಾತಾಪಿ) ಕಥೆಯೂ ಇದನ್ನೇ ಹೇಳುತ್ತದೆ. ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರು ಮಾಡಿ, ಕಡಿದು, ಬೇಯಿಸಿ ಅತಿಥಿಗಳಿಗೆ ಬಡಿಸುತ್ತಿದ್ದ. ಊಟವಾದ ಮೇಲೆ "ವಾತಾಪಿ, ಹೊರಗೆ ಬಾ" ಅನ್ನುತ್ತಿದ್ದ. ಅತಿಥಿಯ ಹೊಟ್ಟೆ ಸೀಳಿಕೊಂಡು ತಮ್ಮ ಹೊರಗೆ ಬರುತ್ತಿದ್ದ. ಅಗಸ್ತ್ಯ ಉಂಡವನೇ ಹೊಟ್ಟೆ ಸವರಿಕೊಂಡು "ಜೀರ್ಣವಾಗು" ಅಂದ. ಮುಗಿಯಿತು. ಎದುರಾಳಿಗೆ ಗುಟ್ಟು ಗೊತ್ತಿಲ್ಲದಿರುವವರೆಗೆ ಮಾತ್ರ ನಡೆಯುವ ಶಕ್ತಿ ಅದು. ಇಂಥ ಶಕ್ತಿ ಒಂದಾದರೂ ನಿಮ್ಮ ಕಥೆಯಲ್ಲಿರಲಿ.

ನಮ್ಮ ಬಿಸಿಲಿನ ಹುಡುಗನಿಗೆ ನಾನು ಹೀಗೆ ಬರೆದಿದ್ದೇನೆ: ಕೈಯಿಂದ ಉರಿ ಬಿಡಬಲ್ಲ, ಸೂರ್ಯ ಕಾಣುವಾಗ ಮಾತ್ರ. ಪ್ರತಿ ಸಲ ಬಿಟ್ಟಾಗ ಅವನ ಮನೆಯ ಒಂದು ಬಳ್ಳಿ ಒಣಗುತ್ತದೆ. ಈ ಕಡೆಯ ವಾಕ್ಯ ಬರೆದ ಮೇಲೆ ಕಥೆ ತಾನಾಗಿ ಓಡತೊಡಗಿತು. ಈಗ ಅವನು ಕೈ ಎತ್ತುವ ಮೊದಲು ಅವ್ವನ ಮುಖ ನೋಡಲೇಬೇಕು.

5. ಜಾಗವನ್ನು ನೋಡಿ ಬಂದು ಬರೆಯಿರಿ

ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇಂಥ ಕಥೆಗೆ ಜಾಗದ ಬರ ಇಲ್ಲ. ಐಹೊಳೆಯಲ್ಲಿ ಮಲಪ್ರಭೆಯ ದಂಡೆಗೆ ಹೋಗಿ. ಪರಶುರಾಮ ಕೊಡಲಿ ತೊಳೆದಾಗ ನೀರು ಕೆಂಪಾಯಿತು, ಅದನ್ನು ಕಂಡ ಹೆಂಗಸೊಬ್ಬಳು "ಅಯ್ಯೋ ಹೊಳೆ" ಅಂದಳು, ಅದೇ ಊರಿನ ಹೆಸರಾಯಿತು ಅಂತ ಅಲ್ಲಿಯ ಜನ ಹೇಳುತ್ತಾರೆ. ಕೊಂದವನ ಹೆಸರು ಊರಿಗೆ ಬರಲಿಲ್ಲ, ನೋಡಿದವಳ ಉದ್ಗಾರ ಬಂತು. ನಿಮ್ಮ ಯುದ್ಧವನ್ನೂ ದಂಡೆಯ ಮೇಲೆ ನಿಂತ ಒಬ್ಬರು ನೋಡುತ್ತಿರಲಿ.

ವಿಜಯಪುರದ ಗೋಳಗುಮ್ಮಟಕ್ಕೆ ಬೆಳಿಗ್ಗೆ ಬೇಗ, ಜನ ಸೇರುವ ಮೊದಲು ಹೋಗಿ. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿ ಹಚ್ಚಿದವರಿಗೆ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಸದ್ದು ಮತ್ತೆ ಮತ್ತೆ ತಿರುಗಿ ಬರುತ್ತದೆ. ಇಬ್ಬರು ಅಲ್ಲಿ ಕೂತು ಗುಟ್ಟಾಗಿ ಸಂಚು ಮಾಡುತ್ತಾರೆ, ಎದುರು ಗೋಡೆಗೆ ಒರಗಿದ ಮೂರನೆಯವನಿಗೆ ಎಲ್ಲ ಕೇಳಿಸುತ್ತದೆ. ಇದಕ್ಕೆ ದೇವರ ಶಕ್ತಿ ಬೇಕಾಗಿಲ್ಲ, 1656ರ ಹೊತ್ತಿಗೆ ಕಟ್ಟಿದವರ ಕೈಚಳಕವೇ ಸಾಕು. ಒಂದು ಮಾತು: ಅದು ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಅಲ್ಲಿ ಮಾತು ನಡೆಯಲಿ, ಹೊಡೆದಾಟ ಬೇಡ. ಕೂಡಲಸಂಗಮಕ್ಕೂ ಇದೇ ಮಾತು. ಬಸವಣ್ಣನವರು ಐಕ್ಯವಾದ ಸ್ಥಳ ಅದು. ಕೃಷ್ಣೆ ಮಲಪ್ರಭೆ ಕೂಡುವ ಜಾಗ ಸಂಧಾನಕ್ಕೆ ಹೇಳಿ ಮಾಡಿಸಿದಂತಿದೆ.

ಜಾಗದ ವಿಷಯದಲ್ಲಿ ಆಗುವ ತಪ್ಪುಗಳು:

ಏಪ್ರಿಲ್ ತಿಂಗಳಲ್ಲಿ ಗೋಕಾಕ ಜಲಪಾತ ಭೋರ್ಗರೆಯುವುದು. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಾಳೆ, ಆದರೆ ಆ ಅಬ್ಬರ ನೋಡಬೇಕಾದರೆ ಮಳೆಗಾಲದಲ್ಲಿ ಹೋಗಬೇಕು. ಬೇಸಿಗೆಯಲ್ಲಿ ಬಂಡೆಯೇ ಜಾಸ್ತಿ ಕಾಣುತ್ತದೆ. ನಮ್ಮ ಕಥೆಯ ಮಳೆಯ ಮಗಳನ್ನು ಬೇಸಿಗೆಯಲ್ಲಿ ಅಲ್ಲಿ ನಿಲ್ಲಿಸಿ ನೋಡಿ. ಅವಳ ಸಂಕಟ ನೀವು ಬರೆಯದೇ ಗೊತ್ತಾಗುತ್ತದೆ.

ವಿಜಯಪುರದಿಂದ ಬೆಳಗಾವಿಗೆ ಒಂದೇ ರಾತ್ರಿಯಲ್ಲಿ ನಡೆದು ಹೋಗುವ ಸೈನ್ಯ. ಇನ್ನೂರು ಕಿಲೋಮೀಟರಿಗೂ ಜಾಸ್ತಿ ಇದೆ. ಬಾದಾಮಿಯಿಂದ ಪಟ್ಟದಕಲ್ಲು ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಅದು ನಡೆಯುವ ದೂರ.

ಬಾದಾಮಿಯ ಗುಡ್ಡವನ್ನು "ಕಪ್ಪು ಬಂಡೆ" ಅಂತ ಬರೆಯುವುದು. ಅದು ಕೆಂಪು ಮರಳುಗಲ್ಲು. ಸಂಜೆ ಬಿಸಿಲಿಗೆ ಅಗಸ್ತ್ಯ ತೀರ್ಥದ ನೀರಿನಲ್ಲೂ ಆ ಕೆಂಪು ಕಾಣುತ್ತದೆ.

6. ನಿಯಮ ಮಾಡಿ, ಆಮೇಲೆ ಒಂದೊಂದಾಗಿ ಮುರಿಯಿರಿ

ಕುರುಕ್ಷೇತ್ರದಲ್ಲಿ ಯುದ್ಧಕ್ಕೆ ಮೊದಲೇ ಎರಡೂ ಕಡೆಯವರು ಮಾತಾಡಿಕೊಂಡಿದ್ದರು. ಸೂರ್ಯ ಮುಳುಗಿದ ಮೇಲೆ ಕಾದಾಟ ಇಲ್ಲ, ಆಯುಧ ಇಲ್ಲದವನ ಮೇಲೆ ಕೈ ಮಾಡುವಂತಿಲ್ಲ. ಹದಿಮೂರನೇ ದಿನ ಅಭಿಮನ್ಯುವನ್ನು ಚಕ್ರವ್ಯೂಹದಲ್ಲಿ ಹಲವರು ಸೇರಿ ಕೊಂದರು. ವ್ಯೂಹ ಅಂದರೆ ಸೈನ್ಯವನ್ನು ಒಂದು ಆಕಾರಕ್ಕೆ ನಿಲ್ಲಿಸುವ ಕ್ರಮ. ಆ ಹುಡುಗನಿಗೆ ಒಳಗೆ ಹೋಗಲು ಗೊತ್ತಿತ್ತು, ಹೊರಗೆ ಬರಲು ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಮರುದಿನವೇ ರಾತ್ರಿ ಯುದ್ಧ, ಕಡೆಗೆ ಗದಾಯುದ್ಧದಲ್ಲಿ ತೊಡೆಗೆ ಹೊಡೆತ. ನಿಯಮ ಮುರಿದಂತೆಲ್ಲ ಕಥೆ ಕತ್ತಲಿಗೆ ಇಳಿಯುತ್ತದೆ.

ನಿಮ್ಮ ಬಣಗಳಿಗೆ ನಾಲ್ಕು ನಿಯಮ ಸಾಕು. ಮೊದಲನೆಯದನ್ನು ಮುರಿಯುವವನು ಒಳ್ಳೆಯವನಾಗಿರಲಿ, ಒಳ್ಳೆಯ ಕಾರಣಕ್ಕೇ ಮುರಿಯಲಿ. ಕೆಟ್ಟವನು ನಿಯಮ ಮುರಿದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ.

ಸೈನ್ಯದ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಅಕ್ಷೌಹಿಣಿಯಲ್ಲಿ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಪಾಂಡವರದು ಏಳು ಅಕ್ಷೌಹಿಣಿ, ಕೌರವರದು ಹನ್ನೊಂದು. ಅಷ್ಟಿದ್ದರೂ ನಮಗೆ ನೆನಪಿರುವುದು ಹತ್ತಿಪ್ಪತ್ತು ಮುಖ ಅಷ್ಟೇ, ಅಲ್ವಾ?

7. ಒಂದು ಕಾಳಗವನ್ನು ಹತ್ತಿರದಿಂದ ಬರೆಯಿರಿ

ಈ ಹೆಜ್ಜೆಗೆ ಗುರು ನಮ್ಮ ಜಿಲ್ಲೆಯಲ್ಲೇ ಇದ್ದಾನೆ. ರನ್ನ ಮುಧೋಳದವನು, ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಹತ್ತನೇ ಶತಮಾನದ ಈ ಕವಿ ಗದಾಯುದ್ಧ ಬರೆಯುವಾಗ ಇಡೀ ಭಾರತವನ್ನು ಮೊದಲಿನಿಂದ ಹೇಳಲಿಲ್ಲ. ಭೀಮ ದುರ್ಯೋಧನರ ಕಡೆಯ ಕಾಳಗವನ್ನು ಹಿಡಿದುಕೊಂಡ. ಹಿಂದಿನದ್ದನ್ನೆಲ್ಲ ಅಲ್ಲಿ ನಿಂತೇ ತಿರುಗಿ ನೋಡಿದ. ಇದಕ್ಕೆ ಸಿಂಹಾವಲೋಕನ ಅನ್ನುತ್ತಾರೆ. ಸಿಂಹ ನಡೆಯುತ್ತಾ ನಡೆಯುತ್ತಾ ಕತ್ತು ಹೊರಳಿಸಿ ಬಂದ ದಾರಿಯನ್ನು ನೋಡುವ ಹಾಗೆ.

ನೀವೂ ಹೀಗೇ ಮಾಡಿ. ಹತ್ತು ಕಾಳಗಗಳಲ್ಲಿ ಒಂಬತ್ತನ್ನು ನಾಲ್ಕು ಸಾಲಿನಲ್ಲಿ ಮುಗಿಸಿ. ಹತ್ತನೆಯದಕ್ಕೆ ಹತ್ತು ಪುಟ ಕೊಡಿ. ನಡುವೆ ಇಬ್ಬರೂ ಸುಸ್ತಾಗಿ ನಿಲ್ಲಲಿ, ಏದುಸಿರು ಬಿಡಲಿ, ಹಳೆಯದು ನೆನಪಾಗಲಿ.

ಮಾತು ಬರೆಯುವಾಗ ನಿಮ್ಮ ಊರಿನ ಮಾತೇ ಬರಲಿ. ಒಬ್ಬ ಹುಡುಗ ತನ್ನ ಕಥೆಯಲ್ಲಿ ಹೀಗೆ ಬರೆದಿದ್ದ: "ಎಲೈ ವರುಣಪುತ್ರಿಯೇ, ನಿನ್ನ ಜನಕನ ಕೃತ್ಯವನ್ನು ನಾನು ಕ್ಷಮಿಸಲಾರೆ!" ದೊಡ್ಡಾಟದ ಅಟ್ಟದ ಮೇಲೆ, ಗೆಜ್ಜೆ ಕಟ್ಟಿ ಕಿರೀಟ ಇಟ್ಟವನ ಬಾಯಲ್ಲಿ ಈ ಮಾತು ಚೆಂದ. ತಿಕೋಟಾದ ದ್ರಾಕ್ಷಿ ಶೆಡ್ಡಿನಲ್ಲಿ ನಿಂತ ಹದಿನಾರರ ಹುಡುಗನ ಬಾಯಲ್ಲಿ ಸಲ್ಲುವುದಿಲ್ಲ. ಅದನ್ನೇ ನಾವಿಬ್ಬರೂ ಕೂತು ಹೀಗೆ ತಿದ್ದಿದೆವು:

"ನಿಮ್ಮಪ್ಪ ಒಂದ್ ರಾತ್ರಿ ಸುರದು ಹ್ವಾದ. ನಮ್ಮವ್ವ ಇನ್ನೂ ಮಣೂಕ ಆರಸಾಕತ್ತಾಳ."

"ನಿಮ್ಮಪ್ಪ ನಾಕ್ ತಿಂಗಳ ಸುಟ್ಟಾಗ ನಮ್ಮ ಬಾವಿ ಯಾರ್ ತುಂಬಿದ್ರು? ಅದನ್ನ ಹೇಳ ಮೊದಲ."

ಅವನಿಗೆ ಉತ್ತರ ಇರಲಿಲ್ಲ. ಕೈ ಎತ್ತಿದ. ಮೋಡ ಸರಿದು ಬಿಸಿಲು ಬಿತ್ತು. ದೂರದಲ್ಲಿ ಅವ್ವ ಒಂದು ಬಳ್ಳಿಯ ಬುಡದಲ್ಲಿ ಕೂತು ಎಲೆ ಮುಟ್ಟಿ ನೋಡುತ್ತಿದ್ದಳು.

ಬರೆದದ್ದನ್ನು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಪೆನ್ಸಿಲಿನಿಂದ ಗೆರೆ ಹಾಕಿ. ಅಲ್ಲಿ ಮಾತು ನಿಮ್ಮದಲ್ಲ, ಎಲ್ಲಿಂದಲೋ ತಂದದ್ದು.

8. ಗೆದ್ದವರು ಏನು ಮಾಡಿದರು ಅಂತ ಬರೆದು ನಿಲ್ಲಿಸಿ

ಕಥೆಯನ್ನು ಗೆಲುವಿನ ಕೇಕೆಯಲ್ಲಿ ನಿಲ್ಲಿಸುವವರೇ ಜಾಸ್ತಿ. ಮುಂದಿನ ಬೆಳಿಗ್ಗೆಯೂ ಬೇಕು.

ಇದಕ್ಕೆ ಪುರಾಣಕ್ಕಿಂತ ನಮ್ಮ ಚರಿತ್ರೆಯ ಉದಾಹರಣೆ ಕೊಡುತ್ತೇನೆ. ಇಮ್ಮಡಿ ಪುಲಿಕೇಶಿಯ ಕಾಲದಿಂದ ಬಾದಾಮಿಯ ಚಾಲುಕ್ಯರಿಗೂ ಕಂಚಿಯ ಪಲ್ಲವರಿಗೂ ಯುದ್ಧ ನಡೆದೇ ಇತ್ತು. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ, "ವಾತಾಪಿಕೊಂಡ" ಅಂತ ಬಿರುದು ಇಟ್ಟುಕೊಂಡ. ತಲೆಮಾರುಗಳು ಕಳೆದ ಮೇಲೆ, ಎಂಟನೇ ಶತಮಾನದಲ್ಲಿ, ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಒಳಗೆ ಹೋದ. ಸುಡುವುದಕ್ಕೆ ಅವನಿಗೆ ಎಲ್ಲ ಕಾರಣವೂ ಇತ್ತು. ಆದರೆ ಅವನು ಅಲ್ಲಿಯ ಕೈಲಾಸನಾಥ ಗುಡಿಯ ಸಂಪತ್ತನ್ನು ನೋಡಿ, ಅದನ್ನು ಗುಡಿಗೇ ಬಿಟ್ಟುಕೊಟ್ಟ. ಆ ಮಾತನ್ನು ಕನ್ನಡದಲ್ಲೇ ಅಲ್ಲಿಯ ಕಂಬದ ಮೇಲೆ ಕೆತ್ತಿಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇವತ್ತಿನ ವಿರೂಪಾಕ್ಷ ಗುಡಿ. ಹೋದರೆ ಅದರ ಕಂಬಗಳ ಹತ್ತಿರ ನಿಂತು ನೋಡಿ, ರಾಮಾಯಣ ಮಹಾಭಾರತದ ಕಾಳಗಗಳನ್ನು ಅಂಗೈಯಷ್ಟು ಜಾಗದಲ್ಲಿ ಹೇಗೆ ಹೇಳಿದ್ದಾರೆ ಅಂತ.

ನಿಮ್ಮ ಕಥೆಯಲ್ಲಿ ಯಾರು ಗೆಲ್ಲಬೇಕು ಅಂತ ನಾನು ಹೇಳುವುದಿಲ್ಲ. ಗೆದ್ದವರು ಸೋತವರ ಮನೆಗೆ ಒಂದು ಸಲ ಹೋಗಲಿ. ಬಾಗಿಲಲ್ಲಿ ನಿಂತಾಗ ಒಳಗಿನಿಂದ ಅವ್ವ ಏನು ಅಂದಳು ಅನ್ನುವುದನ್ನು ಬರೆಯಿರಿ. ನಮ್ಮ ಮಳೆಯ ಮಗಳು ತಿಕೋಟಾದ ಆ ತೋಟಕ್ಕೆ ಹೋದಾಗ, ಒಣಗಿದ ಬಳ್ಳಿಗಳನ್ನು ಕಿತ್ತು ಒಂದು ಕಡೆ ಒಟ್ಟುತ್ತಿದ್ದ ಆ ಹೆಂಗಸು ತಲೆ ಎತ್ತಿ ನೋಡಿ, "ಬಾ ಯವ್ವಾ, ನೀರ ಕುಡದಿ ಏನ?" ಅಂದಳು.